ಸೂರಿನ ನೀರು ಯಾರ ಜವಾಬ್ದಾರಿ?

ಲಂಡನ್ನಿಗೆ ಹೋದ ನಮ್ಮವರು ಟವರ್ ಆಫ್ ಲಂಡನ್ ನೋಡದೆ ವಾಪಸ್ ಬರೋದು ಕಡಿಮೆ. ಕೊಹಿನೂರ್ ಅಲ್ಲಿದೆಯಲ್ಲ, ಅದಕ್ಕೆ. ಆ ಕೋಟೆಯ ಮಧ್ಯದಲ್ಲಿ ಚೌಕಟ್ಟಾದ ದೊಡ್ಡ ಕಲ್ಲಿನ ಕಟ್ಟಡ ಒಂದಿದೆ. ಹೆಸರು ವೈಟ್ ಟವರ್. ಇಂಗ್ಲೆಂಡನ್ನು ಗೆದ್ದ ವಿಲಿಯಂ 11ನೇ ಶತಮಾನದ ಕೊನೆಯ ಭಾಗದಲ್ಲಿ ಕಟ್ಟಿಸಲು ಶುರು ಮಾಡಿದ್ದು. ಕಲ್ಲಿನ ಕಟ್ಟಡ ಬಿಳಿ ಗೋಪುರ ಅನ್ನಿಸಿಕೊಂಡಿದ್ದು ಸುಣ್ಣದಿಂದ. 1240ರಲ್ಲಿ ಮೂರನೇ ಹೆನ್ರಿ ಅನ್ನೋ ರಾಜ ಅದಕ್ಕೆ ಸುಣ್ಣ ಹೊಡೆಸಿದ.

ಅದೇ ವರ್ಷ ಅವನು ಇನ್ನೊಂದು ಆಜ್ಞೆ ಹೊರಡಿಸಿದ್ದಾನೆ. ಗೋಪುರದ ನೆತ್ತಿಯಿಂದ ಮಳೆನೀರು ಬೀಳಿಸುವ ಸೀಸದ ಕೊಳವೆಗಳನ್ನೆಲ್ಲ ನೆಲದವರೆಗೆ ಇಳಿಸಬೇಕು. ಹೊಸದಾಗಿ ಸುಣ್ಣ ಕಂಡ ಗೋಡೆ ಮಳೆಯ ತೊಟ್ಟಿನಿಂದ ಹಾಳಾಗಬಾರದು. ಆಜ್ಞೆಯ ತಾತ್ಪರ್ಯ ಇಷ್ಟೆ.

ಯುದ್ಧ, ತೆರಿಗೆ, ಮದುವೆ ಅಂತ ನೂರೆಂಟು ತಲೆನೋವಿದ್ದ ರಾಜನೊಬ್ಬ ಪೈಪಿನ ಬಗ್ಗೆ ತಲೆ ಕೆಡಿಸಿಕೊಂಡಿದ್ದಾನೆ ಅನ್ನೋದೇ ನನಗೆ ಖುಷಿ ಕೊಡುವ ವಿಷಯ. ಈ ಆಜ್ಞೆಯ ಹಿಂದೆ ಯಾರೋ ಒಬ್ಬರು ಮಳೆಯಲ್ಲಿ ನಿಂತು ಗೋಡೆ ನೋಡಿದ್ದಾರೆ. ನೀರು ಎಲ್ಲಿಂದ ಬರ್ತಿದೆ, ಎಲ್ಲಿಗೆ ತಾಗ್ತಿದೆ, ಎಲ್ಲಿ ಕಲೆ ಆಗ್ತಿದೆ ಅಂತ ಲೆಕ್ಕ ಹಾಕಿದ್ದಾರೆ. ಮನೆ ಉಳಿಸಿಕೊಳ್ಳುವ ವಿದ್ಯೆಯ ಮೊದಲ ಪಾಠ ಅದೇ. ಸುಮಾರು 780 ವರ್ಷ ಕಳೆದರೂ ಪಾಠ ಬದಲಾಗಿಲ್ಲ.

ಮುಂದೆ ಹೋಗುವ ಮೊದಲು ಒಂದು ಪದದ ಗೊಂದಲ ಬಗೆಹರಿಸಿಕೊಳ್ಳೋಣ. ಇಂಗ್ಲಿಷಿನವರು ಸೂರಿನ ಅಂಚಿಗೆ ಕಟ್ಟುವ ದೋಣಿಗೆ ‘ಗಟರ್’ ಅಂತಾರೆ. ನಮ್ಮಲ್ಲಿ ಆ ಪದ ‘ಗಟಾರ’ ಆಗಿ ಬೀದಿಗೆ ಇಳಿದು, ಕೊಳಚೆ ಚರಂಡಿಯ ಹೆಸರಾಗಿಬಿಟ್ಟಿದೆ. ಸೂರಿನ ದೋಣಿಗೆ ಕರಾವಳಿ, ಮಲೆನಾಡಿನ ಕಡೆ ಬಳಕೆಯಲ್ಲಿರುವ ಒಂದು ಮಾತು ‘ದಂಬೆ’. ಅಡಿಕೆ ಮರವನ್ನು ಉದ್ದಕ್ಕೆ ಸೀಳಿ, ಒಳಗಿನ ತಿರುಳು ತೆಗೆದರೆ ದಂಬೆ ತಯಾರು. ಇನ್ನು ಕೆಲವರು ‘ತಗಡಿನ ದೋಣಿ’ ಅಂತಾರೆ. ಈ ಬರಹದಲ್ಲಿ ನಾನು ದಂಬೆ ಅಂದಾಗಲೆಲ್ಲ ಮಾಡಿನ ಅಂಚಿನ ಆ ದೋಣಿ ಮತ್ತು ಅದರಿಂದ ನೆಲಕ್ಕಿಳಿಯುವ ಪೈಪು, ಎರಡನ್ನೂ ಸೇರಿಸಿಕೊಳ್ಳಿ.

ಮನುಷ್ಯ ಸೂರಿನ ನೀರನ್ನು ನಿಭಾಯಿಸಿರೋದು ಎರಡೇ ರೀತಿಯಲ್ಲಿ. ಒಂದು, ಗೋಡೆಯಿಂದ ದೂರ ಎಸೆಯೋದು. ಇನ್ನೊಂದು, ಒಟ್ಟುಮಾಡಿ ಕೆಳಗಿಳಿಸೋದು.

ಎಸೆಯುವ ಪದ್ಧತಿ ಹಳೇದು. ಹೊಯ್ಸಳರ, ವಿಜಯನಗರದ ದೇವಸ್ಥಾನಗಳಲ್ಲಿ ಗೋಡೆಯಿಂದ ಹೊರಕ್ಕೆ ಚಾಚಿಕೊಂಡ ಕಲ್ಲಿನ ಸೂರು ನೋಡಿರ್ತೀರಿ. ಹಂಪಿಗೆ ಹೋದರೆ ಅದರ ಬಳುಕಿನ ಎದುರು ಸೆಲ್ಫಿ ತೆಗೆದುಕೊಂಡೂ ಇರ್ತೀರಿ. ಅಂದಕ್ಕೆ ಇರುವಷ್ಟೇ ಅದು ಕೆಲಸಕ್ಕೂ ಇದೆ. ಕೆಳಗಿರುವ ಶಿಲ್ಪಗಳ ಮೇಲೆ ಮಳೆ ಹರಿಯದಂತೆ ನೀರನ್ನು ಆಚೆ ಹಾಕುತ್ತದೆ. ಯುರೋಪಿನ ದೊಡ್ಡ ಚರ್ಚುಗಳ ಮೇಲೆ ಬಾಯಿ ತೆರೆದು ಕೂತ ವಿಕಾರ ಪ್ರಾಣಿಗಳು, ಅಂದರೆ ಗಾರ್ಗಾಯ್ಲ್‌ಗಳು, ಮಾಡುತ್ತಿದ್ದದ್ದೂ ಇದೇ ಕೆಲಸ. ಆ ಹೆಸರು ಬಂದಿರೋದು ಗಂಟಲು ಅನ್ನುವ ಅರ್ಥದ ಹಳೆಯ ಫ್ರೆಂಚ್ ಪದದಿಂದ. ಚಾವಣಿಯ ನೀರು ಅವುಗಳ ಗಂಟಲಲ್ಲಿ ಹಾದು, ಗೋಡೆಯಿಂದ ಮಾರುದ್ದ ದೂರಕ್ಕೆ ಬೀಳುತ್ತಿತ್ತು. ಕೆಳಗೆ ನಡೆಯುವವರ ತಲೆ ಮೇಲೆ ಬಿದ್ದರೆ, ಅದು ಅವರ ಹಣೆಬರಹ.

ಇಳಿಸುವ ಪದ್ಧತಿ ಊರು ಇಕ್ಕಟ್ಟಾದ ಕಡೆ ಅನಿವಾರ್ಯವಾಯಿತು. ಪಕ್ಕದ ಮನೆಗೂ ನಮ್ಮ ಮನೆಗೂ ನಡುವೆ ಜಾಗವೇ ಇಲ್ಲದಿದ್ದಾಗ ಎಲ್ಲಿಗೆ ಎಸೆಯೋದು? ಎಸೆದರೆ ಜಗಳ. ಈ ಜಗಳದಲ್ಲಿ ಪುರಾತನ ರೋಮಿನವರು ಎಷ್ಟು ಪಳಗಿದ್ದರು ಅಂದರೆ, ಅವರ ಕಾನೂನಿನಲ್ಲಿ ಇದಕ್ಕೆ ಎರಡು ಬೇರೆ ಬೇರೆ ಹಕ್ಕುಗಳೇ ಇದ್ದವು. ಸೂರಿನಿಂದ ಸಹಜವಾಗಿ ತೊಟ್ಟಿಕ್ಕುವ ನೀರು ಪಕ್ಕದವರ ಜಾಗಕ್ಕೆ ಬೀಳುವ ಹಕ್ಕಿಗೆ ‘ಸ್ಟಿಲಿಸಿಡಿಯಂ’ ಅಂತ ಹೆಸರು. ಅದೇ ನೀರನ್ನು ದಂಬೆಯಲ್ಲಿ ಒಟ್ಟುಮಾಡಿ ಒಂದೇ ಧಾರೆಯಾಗಿ ಬಿಡುವ ಹಕ್ಕಿಗೆ ‘ಫ್ಲೂಮೆನ್’, ಅಂದರೆ ಹೊಳೆ. ಮಳೆ ಒಂದೇ, ಮಾಡೂ ಒಂದೇ. ಆದರೆ ಹನಿಯಾಗಿ ಬೀಳೋದು ಬೇರೆ, ಹೊಳೆಯಾಗಿ ಬೀಳೋದು ಬೇರೆ.

ನಮ್ಮ ಕಡೆ ‘ಹನಿಗೂಡಿದರೆ ಹಳ್ಳ’ ಅಂತಾರಲ್ಲ, ಅದೇ ಮಾತು. ನಾವದನ್ನು ಉಳಿತಾಯ ಖಾತೆಗೆ ಅನ್ವಯಿಸ್ತೀವಿ. ರೋಮಿನ ವಕೀಲರು ಸೂರಿಗೆ ಅನ್ವಯಿಸಿದರು.

ನಮ್ಮ ಅರ್ಥಶಾಸ್ತ್ರವೂ ಈ ವಿಷಯದಲ್ಲಿ ಹಿಂದೆ ಬಿದ್ದಿಲ್ಲ. ಕೌಟಿಲ್ಯನ ಆ ಗ್ರಂಥದ ಹಸ್ತಪ್ರತಿ 1905ರಲ್ಲಿ ಬೆಳಕಿಗೆ ಬಂದದ್ದು ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿ, ಆರ್. ಶಾಮಶಾಸ್ತ್ರಿಗಳ ಕೈಯಲ್ಲಿ. ಅವರು 1909ರಲ್ಲಿ ಅದನ್ನು ಅಚ್ಚು ಹಾಕಿಸಿದರು. ರಾಜನೀತಿ, ಗೂಢಚಾರಿಕೆ ಅಂತ ನಾವು ಆ ಪುಸ್ತಕವನ್ನು ಹೊಗಳ್ತೀವಿ. ಅದರಲ್ಲೇ ಮನೆ ಕಟ್ಟುವವರಿಗೆ ಒಂದು ಅಧ್ಯಾಯ ಇದೆ. ನೀರು ಸರಾಗವಾಗಿ ಇಳಿದು ಹೋಗುವಂಥ ಕಾಲುವೆ ಮಾಡಬೇಕು, ಅದು ಪಕ್ಕದವರ ಜಾಗದಿಂದ ಮೂರು ಪಾದ ಅಥವಾ ಒಂದೂವರೆ ಮೊಳ ದೂರ ಇರಬೇಕು, ತಪ್ಪಿದರೆ ದಂಡ. ಬೆಂಗಳೂರಿನ 30-40 ಸೈಟುಗಳಲ್ಲಿ ‘ನಿಮ್ಮ ಮನೆ ನೀರು ನಮ್ಮ ಕಾಂಪೌಂಡಿಗೆ ಬೀಳ್ತಿದೆ ಸಾರ್’ ಅಂತ ಇವತ್ತೂ ಕೇಳಿಬರುವ ಜಗಳಕ್ಕೆ ಅಷ್ಟು ಹಳೆಯ ವಂಶಾವಳಿ ಇದೆ.

ಈಗ ನಾನು ಹೇಳಬೇಕಾದ ಮುಖ್ಯ ವಿಷಯಕ್ಕೆ ಬರ್ತೀನಿ. ದಂಬೆ ಇಲ್ಲದ ಮನೆಯಲ್ಲಿ ನೀರು ಸೂರಿನ ಉದ್ದಕ್ಕೂ ಹಂಚಿಕೊಂಡು ಬೀಳುತ್ತದೆ. ಅಂಗಳದಲ್ಲಿ ಸಾಲಾಗಿ ಗುಳಿ ಬೀಳಬಹುದು, ಗೋಡೆಯ ಬುಡಕ್ಕೆ ಕೆಸರು ಸಿಡಿಯಬಹುದು. ದಂಬೆ ಕಟ್ಟಿದ ಕ್ಷಣ ಅಷ್ಟೂ ನೀರನ್ನು ಒಂದು ಜಾಗಕ್ಕೆ ತರ್ತೀವಿ. ಎಷ್ಟು ನೀರು? ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. 1,200 ಚದರಡಿ ಚಾವಣಿ ಅಂದರೆ ಸುಮಾರು 111 ಚದರ ಮೀಟರ್. ಒಂದು ಗಂಟೆ ಜೋರಾಗಿ 50 ಮಿಲಿಮೀಟರ್ ಹೊಡೆದರೆ ಸುಮಾರು 5,500 ಲೀಟರ್, ಹೆಚ್ಚುಕಡಿಮೆ ಒಂದು ಸಣ್ಣ ವಾಟರ್ ಟ್ಯಾಂಕರ್. ಅಷ್ಟು ನೀರು ಅಂಗೈ ಅಗಲದ ಒಂದು ಬಾಯಲ್ಲಿ ಇಳಿಯಬೇಕು. ಆ ಬಾಯಿಗೆ ನಾಲ್ಕು ಎಲೆ ಅಡ್ಡ ಬಂದರೆ? ಹೊಳೆ ತಿರುಗೋದು ಗೋಡೆಗೆ.

ಹಾಗಾಗಿ ದಂಬೆ ಅನ್ನೋದು ಒಂದು ಒಪ್ಪಂದ. ‘ನಾನು ಹನಿಯನ್ನು ಹೊಳೆ ಮಾಡ್ತೀನಿ, ನೀನು ಹೊಳೆಗೆ ದಾರಿ ಬಿಡು’ ಅಂತ. ಒಪ್ಪಂದ ಮುರಿದರೆ ಕಟ್ಟಿಕೊಂಡ ದಂಬೆ ಇರುವ ಮನೆಯ ಸ್ಥಿತಿ, ದಂಬೆಯೇ ಇಲ್ಲದ ಮನೆಗಿಂತ ಕೆಟ್ಟದು. ದಂಬೆಯ ಇತಿಹಾಸವನ್ನು ನಾನು ಓದೋದು ಒಂದೇ ಪ್ರಶ್ನೆ ಇಟ್ಟುಕೊಂಡು: ಈ ದಾರಿ ಬಿಡುವ ಕೆಲಸ ಯಾರದು?

ಲಂಡನ್ನಿನ ಕಥೆ ಸ್ವಲ್ಪ ಮುಂದುವರಿಸ್ತೀನಿ. 18ನೇ ಶತಮಾನದ ಶುರುವಿನವರೆಗೂ ಆ ಊರಿನ ಎಷ್ಟೋ ಮನೆಗಳು ಮಳೆನೀರನ್ನು ಚಾವಣಿಯಿಂದ ನೇರವಾಗಿ ಬೀದಿಗೆ ಸುರಿಯುತ್ತಿದ್ದವು. 1724ರ ಒಂದು ಕಾಯ್ದೆ ಲಂಡನ್ ಮತ್ತು ವೆಸ್ಟ್‌ಮಿನ್‌ಸ್ಟರ್‌ನ ಮನೆಗಳು ಆ ನೀರನ್ನು ಪೈಪಿನಲ್ಲೇ ಕೆಳಗಿಳಿಸಬೇಕು ಅಂದಿತು. ಶ್ರೀಮಂತರು ಸೀಸದ ಪೈಪು ಹಾಕಿಸಿ, ಅದರ ತಲೆಯ ಡಬ್ಬಿಯ ಮೇಲೆ ಇಸವಿಯನ್ನೂ ತಮ್ಮ ಹೆಸರಿನ ಮೊದಲ ಅಕ್ಷರಗಳನ್ನೂ ಮೂಡಿಸಿಕೊಂಡರು. ನಮ್ಮಲ್ಲಿ ಮನೆ ಮುಂದೆ ಗ್ರಾನೈಟ್‌ನಲ್ಲಿ ಹೆಸರು ಕೆತ್ತಿಸುತ್ತಾರಲ್ಲ, ಹಾಗೆ. ಆ ಶತಮಾನದ ಕೊನೆಗೆ ಎರಕದ ಕಬ್ಬಿಣ ಅಗ್ಗವಾಯಿತು, ಸಾಮಾನ್ಯರ ಮನೆಗೂ ದಂಬೆ ಬಂತು.

ಕಬ್ಬಿಣದ ಜೊತೆ ತುಕ್ಕೂ ಬಂತು. ಅದು ಎಲ್ಲಿ ಶುರುವಾಗುತ್ತೆ ಗೊತ್ತಾ? ಪೈಪಿನ ಹಿಂಭಾಗದಲ್ಲಿ. ಗೋಡೆಗೆ ಅಂಟಿಕೊಂಡ ಆ ಬೆನ್ನಿಗೆ ಪೇಂಟರಿನ ಬ್ರಷ್ ಹೋಗುವುದಿಲ್ಲ. ಮುಂದಿನಿಂದ ನೋಡಿದರೆ ಫಳಫಳ ಬಣ್ಣ, ಹಿಂದೆ ಉದ್ದಕ್ಕೆ ಸೀಳು. ಎಷ್ಟೋ ವರ್ಷ ನೀರು ಸದ್ದಿಲ್ಲದೆ ಗೋಡೆ ಕುಡಿಯುತ್ತಿರುತ್ತದೆ. ಅದಕ್ಕೇ ಆಮೇಲಿನವರು ಪೈಪನ್ನು ಗೋಡೆಯಿಂದ ಒಂದೆರಡು ಇಂಚು ದೂರ ನಿಲ್ಲಿಸೋಕೆ ಕಲಿತರು. ಪಿವಿಸಿ ಪೈಪಿಗೆ ತುಕ್ಕು ಹಿಡಿಯಲ್ಲ. ಆದರೂ ಕೀಲು ಬಿಟ್ಟರೆ ನೀರು ಇಳಿಯೋದು ಅದೇ ಬೆನ್ನ ಕಡೆಗೆ. ಈ ಪಾಠ ಇವತ್ತಿಗೂ ಚಾಲ್ತಿಯಲ್ಲಿದೆ.

1849ರಲ್ಲಿ ಜಾನ್ ರಸ್ಕಿನ್ ವಾಸ್ತುಶಿಲ್ಪದ ಬಗ್ಗೆ ಬರೆದ ‘ಸೆವೆನ್ ಲ್ಯಾಂಪ್ಸ್’ ಅನ್ನೋ ಪುಸ್ತಕದಲ್ಲಿ ಒಂದು ವಾದ ಇದೆ. ಹಳೆಯ ಕಟ್ಟಡಗಳನ್ನು ಹಾಳಾಗಲು ಬಿಟ್ಟು ಆಮೇಲೆ ಜೀರ್ಣೋದ್ಧಾರದ ಹೆಸರಲ್ಲಿ ಹೊಸದು ಮಾಡುವ ಬದಲು, ಸಕಾಲಕ್ಕೆ ಚಾವಣಿಗೆ ಒಂದಿಷ್ಟು ಸೀಸದ ತಗಡು ಹೊದಿಸಿ, ನೀರು ಹೋಗುವ ದಾರಿಯಿಂದ ಎಲೆ ಕಡ್ಡಿ ಗುಡಿಸಿದರೆ ಸಾಕು, ಮಾಡೂ ಗೋಡೆಯೂ ಉಳಿಯುತ್ತವೆ ಅಂತ. 1877ರಲ್ಲಿ ವಿಲಿಯಂ ಮಾರಿಸ್ ಹಳೆಯ ಕಟ್ಟಡಗಳ ರಕ್ಷಣೆಗೆ ಒಂದು ಸಂಘ ಕಟ್ಟಿದಾಗ ಇದೇ ನಿಲುವನ್ನು ಅದರ ಅಡಿಪಾಯ ಮಾಡಿದ. ಆ ಸಂಘ ಈಗಲೂ ಇದೆ. ಚಳಿಗಾಲದ ಮುಂಚೆ ನಿಮ್ಮ ದಂಬೆ ನೋಡಿಕೊಳ್ಳಿ ಅಂತ ಇವತ್ತಿಗೂ ಜನರ ಬೆನ್ನು ಹತ್ತುತ್ತದೆ.

ರಸ್ಕಿನ್ ಹೇಳಿದ್ದು ಅಷ್ಟು ದೊಡ್ಡ ಚಿಂತಕನೇ ಹೇಳಬೇಕಾದ ಮಾತಾ ಅಂತ ನಮ್ಮ ದೊಡ್ಡಪ್ಪನಿಗೆ ಅನ್ನಿಸುತ್ತಿತ್ತೇನೋ. ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಆ ಕೆಲಸಕ್ಕೆ ಪುಸ್ತಕ ಬೇಕಿರಲಿಲ್ಲ, ಕ್ಯಾಲೆಂಡರ್ ಇತ್ತು. ರೋಹಿಣಿ ಮಳೆ ಹುಟ್ಟುವ ಹೊತ್ತಿಗೆ, ಅಂದರೆ ಮೇ ಕೊನೆಯ ವಾರಕ್ಕೆ, ಮಾಡು ಹತ್ತಿ ಮುಗಿದಿರಬೇಕು. ಮೃಗಶಿರಕ್ಕೆ ಕಾದರೆ ಹೆಂಚಿನ ಮೇಲೆ ಕಾಲಿಡೋಕಾಗಲ್ಲ, ಜಾರುತ್ತೆ. ಒಡೆದ ಹೆಂಚು ಬದಲಿಸೋದು, ದಂಬೆಯಲ್ಲಿ ಕೂತ ಕಸ ಬಾಚೋದು, ಸಡಿಲ ಬಿದ್ದ ಹಗ್ಗವೋ ತಂತಿಯೋ ಬಿಗಿಯೋದು. ‘ಅಲ್ಲ ಮಾರಾಯ, ಮಳೆ ಬಂದಮೇಲೆ ಹತ್ತಿ ಎಂತ ಮಾಡ್ತೀಯ?’ ಅನ್ನೋದು ಅವರ ಮಾತು. ನಾವು ಮಕ್ಕಳ ಕೆಲಸ ಏಣಿ ಹಿಡಿದುಕೊಳ್ಳೋದು.

ಮಲೆನಾಡಿಗೂ ಕರಾವಳಿಗೂ ಈ ದಂಬೆ ಹೇಗೆ ಬಂತು ಅಂತ ಯೋಚಿಸಿದರೆ, ಅದು ಮಾಡು ಬದಲಾದ ಕಥೆ. ಹುಲ್ಲಿನ, ಸೋಗೆಯ ಮಾಡಿಗೆ ದಂಬೆ ಅಷ್ಟಾಗಿ ಬೇಕಿರಲಿಲ್ಲ. ಸೂರು ತೀರಾ ಕೆಳಗಿಳಿಸಿ, ಜಗುಲಿ ಎತ್ತರಿಸಿ, ಜಡಿಮಳೆ ಬೀಸುವ ದಿಕ್ಕಿನ ಗೋಡೆಗೆ ಸೋಗೆಯ ತಟ್ಟಿ ಕಟ್ಟಿದರೆ ಮಣ್ಣಿನ ಗೋಡೆ ಉಳಿಯುತ್ತಿತ್ತು. ಅದು ಎಸೆಯುವ ಪದ್ಧತಿ. 1860ರ ದಶಕದಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದರು. ಒಂದಕ್ಕೊಂದು ಕಚ್ಚಿಕೊಳ್ಳುವ ಹೆಂಚಿನ ವಿನ್ಯಾಸಕ್ಕೆ ಫ್ರಾನ್ಸಿನ ಅಲ್ಸಾಸ್ ಪ್ರಾಂತ್ಯದ ಗಿಲಾರ್ಡೋನಿ ಸಹೋದರರು 1841ರಲ್ಲೇ ಪೇಟೆಂಟ್ ಪಡೆದಿದ್ದರು. ನೇತ್ರಾವತಿ ದಂಡೆಯ ಜೇಡಿಮಣ್ಣಿನಲ್ಲಿ ಆ ಬಗೆಯ ಹೆಂಚು ‘ಮಂಗಳೂರು ಹೆಂಚು’ ಆಗಿ ಊರೂರಿಗೆ ಹೋಯಿತು.

ಹೆಂಚು ಬಂದಮೇಲೆ ಮನೆ ದೊಡ್ಡದಾಯಿತು. ಮನೆಯ ಮಾಡು, ಕೊಟ್ಟಿಗೆಯ ಮಾಡು, ಆಮೇಲೆ ಸೇರಿಸಿದ ಬಚ್ಚಲುಮನೆಯ ಮಾಡು. ಎರಡು ಮಾಡು ಎದುರುಬದುರಾಗಿ ಇಳಿದು ಸೇರುವ ಕಡೆ ನೀರನ್ನು ಎಸೆಯೋಕೆ ದಾರಿಯೇ ಇಲ್ಲ. ಅಲ್ಲಿ ಅಡಿಕೆ ದಂಬೆಯೋ, ಒಳಗು ತೋಡಿದ ಬೈನೆ ಮರವೋ ಬೇಕೇ ಬೇಕು. ತೊಟ್ಟಿ ಮನೆಯಾದರೆ ನಾಲ್ಕು ಕಡೆಯ ಮಾಡು ಒಳಗೆ ಇಳಿದು, ನಾಲ್ಕು ಮೂಲೆಯಲ್ಲಿ ನೀರು ಸೇರುತ್ತದೆ. ಪೊಂಪೇಯಿಯ ರೋಮನ್ ಮನೆಗಳ ನಡುವಂಗಳಕ್ಕೂ ನಮ್ಮ ತೊಟ್ಟಿಗೂ ಸಂಬಂಧ ಇಲ್ಲ, ಆದರೂ ನೀರಿನ ಲೆಕ್ಕ ಒಂದೇ: ಒಳಕ್ಕೆ ಇಳಿಸಿಕೊಂಡ ನೀರಿಗೆ ಹೊರದಾರಿ ತೋರಿಸಲೇಬೇಕು. ಹಳೆಯ ತೊಟ್ಟಿ ಮನೆಗಳಲ್ಲಿ ಮೊದಲು ಕೊಳೆಯೋದು ಆ ನಾಲ್ಕು ಮೂಲೆಯ ಪಕಾಸುಗಳು, ನೋಡಿ ಬೇಕಾದರೆ.

ಅಡಿಕೆ ದಂಬೆ ಬಹಳ ವರ್ಷ ಬರೋದಿಲ್ಲ, ಲಡ್ಡಾಗುತ್ತೆ. ಆದರೆ ಅದಕ್ಕೆ ಒಂದು ಗುಣ ಇತ್ತು. ಪದೇ ಪದೇ ಬದಲಿಸಬೇಕಾದ್ದರಿಂದ ಪದೇ ಪದೇ ಯಾರಾದರೂ ಮೇಲೆ ಹತ್ತುತ್ತಿದ್ದರು. ಹತ್ತಿದವರು ಹೆಂಚನ್ನೂ ರೀಪನ್ನೂ ನೋಡಿಕೊಂಡು ಬರುತ್ತಿದ್ದರು. ಬಯಲುಸೀಮೆಯ ಮಣ್ಣಿನ ಮಾಳಿಗೆ ಮನೆಗಳಲ್ಲೂ ಇಂಥದ್ದೇ ಕ್ರಮ: ಮಳೆಗಾಲಕ್ಕೆ ಮುಂಚೆ ಮಾಳಿಗೆ ಮೇಲೆ ಸವಳು ಮಣ್ಣು ಹಾಕಿ, ನೀರು ಹೊರಹೋಗುವ ಬಾಯಿ ಬಿಡಿಸೋದು. ಆಮೇಲೆ ಸತುವು ಲೇಪಿಸಿದ ಕಬ್ಬಿಣದ ತಗಡು ಬಂತು. ಆ ಲೇಪದ ವಿಧಾನಕ್ಕೆ 1837ರಲ್ಲಿ ಫ್ರಾನ್ಸಿನ ಸೋರೆಲ್ ಪೇಟೆಂಟ್ ಪಡೆದಿದ್ದ. ಅದರ ಹಿಂದೆ ಪಿವಿಸಿ ಬಂತು. ಇವು ಗಟ್ಟಿ, ಬಾಳಿಕೆ ಜಾಸ್ತಿ. ‘ಹತ್ತು ವರ್ಷ ನೋಡೋದೇ ಬೇಡ’ ಅಂತ ಮಾರಾಟವಾದವು. ನಾವೂ ನೋಡಲಿಲ್ಲ.

ಕಾಂಕ್ರೀಟಿನ ತಾರಸಿ ಬಂದಮೇಲಂತೂ ದಂಬೆ ಕಣ್ಣಿಗೇ ಬೀಳದಂತೆ ಮಾಯವಾಯಿತು. ಹೋಗಿಲ್ಲ, ಅಡಗಿದೆ. ಪ್ಯಾರಪೆಟ್ ಗೋಡೆಯ ಬುಡದಲ್ಲಿರುವ ಆ ಸಣ್ಣ ಇಳಿಜಾರು, ಮೂಲೆಯ ಜಾಲರಿ, ಅಲ್ಲಿಂದ ಇಳಿಯುವ ಪೈಪು, ಅದೇ ನಿಮ್ಮ ಮನೆಯ ದಂಬೆ. ಬೆಂಗಳೂರಿನಲ್ಲಿ 2009ರ ಕಾಯ್ದೆ ತಿದ್ದುಪಡಿಯಿಂದ 2,400 ಚದರಡಿ ಮೇಲ್ಪಟ್ಟ ಹಳೆಯ ನಿವೇಶನಗಳಿಗೂ 1,200 ಚದರಡಿ ಮೇಲ್ಪಟ್ಟ ಹೊಸ ಮನೆಗಳಿಗೂ ಮಳೆನೀರು ಕೊಯ್ಲು ಕಡ್ಡಾಯವಾಯಿತು. ಊರಿನ ಸರಾಸರಿ ಮಳೆ ವರ್ಷಕ್ಕೆ ಸುಮಾರು 970 ಮಿಲಿಮೀಟರ್ ಅಂತಿಟ್ಟುಕೊಂಡರೆ 1,200 ಚದರಡಿ ಚಾವಣಿ ಮೇಲೆ ಬೀಳೋದು ಒಂದು ಲಕ್ಷ ಲೀಟರಿಗೂ ಹೆಚ್ಚು. ಸಂಪು, ಫಿಲ್ಟರ್, ಇಂಗುಗುಂಡಿ ಎಲ್ಲ ಇರುತ್ತೆ. ಎಲ್ಲವೂ ಕಾಯೋದು ಮೂಲೆಯ ಆ ಜಾಲರಿಯನ್ನು.

ನನಗೆ ಗೊತ್ತಿರುವ ಒಂದು ಅಪಾರ್ಟ್‌ಮೆಂಟಿನ ಕಥೆ ಹೇಳ್ತೀನಿ. ಮೇಲಿನ ಮಹಡಿಯ ಬೆಡ್‌ರೂಮಿನ ಮೂಲೆಯಲ್ಲಿ ತೇವ, ಬಣ್ಣ ಗುಳ್ಳೆ ಏಳೋದು. ಮೀಟಿಂಗ್ ಮೇಲೆ ಮೀಟಿಂಗ್. ಇಡೀ ತಾರಸಿಗೆ ವಾಟರ್‌ಪ್ರೂಫಿಂಗ್ ಮಾಡಿಸಬೇಕು ಅಂತ ಕೊಟೇಶನ್ನೂ ಬಂತು, ಲಕ್ಷಗಳಲ್ಲಿ. ಒಬ್ಬ ಹಳೇ ಪ್ಲಂಬರ್ ಬಂದು ತಾರಸಿಯ ಜಾಲರಿ ಎತ್ತಿ ಕೈ ಹಾಕಿದ. ಹೊಂಗೆ ಎಲೆ, ಪಾರಿವಾಳದ ಪುಕ್ಕ, ದೀಪಾವಳಿಯ ಪಟಾಕಿ ಕಸ, ಎಲ್ಲ ಸೇರಿ ಮುದ್ದೆಯಾಗಿತ್ತು. ಪ್ರತಿ ಮಳೆಗೂ ನೀರು ಅಲ್ಲಿ ಗಂಟೆಗಟ್ಟಲೆ ನಿಂತು, ಗೋಡೆ ಮತ್ತು ಸ್ಲ್ಯಾಬ್ ಸೇರುವ ಸಂದಿಯಲ್ಲಿ ಇಳಿಯುತ್ತಿತ್ತು. ‘ಇದನ್ನ ಯಾರೂ ತೆಗೀತಿರ್ಲಿಲ್ವಾ ಸಾರ್?’ ಅಂತ ಅವನು ಕೇಳಿದ ಪ್ರಶ್ನೆಗೆ ಅಲ್ಲಿದ್ದ ಯಾರ ಹತ್ತಿರವೂ ಉತ್ತರ ಇರಲಿಲ್ಲ. ಹೌಸ್‌ಕೀಪಿಂಗಿನವರ ಪಟ್ಟಿಯಲ್ಲಿ ಲಿಫ್ಟ್ ಲಾಬಿ ಇತ್ತು, ಜಿಮ್ ಇತ್ತು. ತಾರಸಿಯ ಜಾಲರಿ ಇರಲಿಲ್ಲ.

ಹಾಗೆ ನಿಂತ ನೀರು ಏನೇನು ಮಾಡುತ್ತೆ ಅನ್ನೋದನ್ನೂ ಹೇಳಿಬಿಡ್ತೀನಿ. ಮಣ್ಣಿನ ಗೋಡೆಯಾದರೆ ಬುಡ ನೆನೆದು ಬಲ ಕಳೆದುಕೊಳ್ಳುತ್ತದೆ. ಒಂದು ರಾತ್ರಿ ಧೊಪ್ಪನೆ ಕೂರುತ್ತದೆ. ಮರದ ಪಕಾಸಿನ ತುದಿ ಕೊಳೆತು ಗೆದ್ದಲು ಹತ್ತುತ್ತದೆ. ಕಾಂಕ್ರೀಟಾದರೆ ನೀರು ಒಳಗಿನ ಕಂಬಿಯನ್ನು ಮುಟ್ಟುತ್ತದೆ. ಕಂಬಿ ತುಕ್ಕು ಹಿಡಿದಾಗ ಉಬ್ಬುತ್ತದೆ, ಉಬ್ಬಿದ ತುಕ್ಕು ಕಾಂಕ್ರೀಟನ್ನು ಒಳಗಿನಿಂದಲೇ ಸಿಡಿಸುತ್ತದೆ. ಸೀಲಿಂಗಿನಿಂದ ಸಿಮೆಂಟಿನ ಹಪ್ಪಳ ಉದುರಿ ಕಂಬಿ ಕಾಣೋದು ಇದರಿಂದಲೇ. ಇನ್ನು ಡೆಂಗಿ ಹರಡುವ ಸೊಳ್ಳೆಗೆ ಕಟ್ಟಿಕೊಂಡ ದಂಬೆಯಲ್ಲಿ ನಿಂತ ತಿಳಿನೀರು ಅಂದರೆ ಹೇಳಿಮಾಡಿಸಿದ ಜಾಗ.

ಇಷ್ಟೆಲ್ಲ ಆಗುವ ಮೊದಲು ಮನೆ ಸುಳಿವು ಕೊಡುತ್ತೆ. ಮೂರನೇ ಹೆನ್ರಿಯ ಕೆಲಸದವರು ಮಾಡಿದ ಹಾಗೆ ನೋಡೋಕೆ ಬರಬೇಕು ಅಷ್ಟೆ.

ಗೋಡೆಯ ಮೇಲೆ ಉದ್ದಕ್ಕೆ ಇಳಿದ ಹಸಿರು ಅಥವಾ ಕಪ್ಪು ಪಟ್ಟೆ ಕಂಡರೆ ತಲೆ ಎತ್ತಿ ನೋಡಿ, ಅದರ ನೆತ್ತಿಯಲ್ಲಿ ದಂಬೆಯ ಕೀಲೋ ಪೈಪಿನ ಕೀಲೋ ಬಿಟ್ಟಿರುತ್ತದೆ. ದಂಬೆಯ ಅಂಚಿಂದ ನೀರು ಪರದೆಯ ಹಾಗೆ ಬೀಳುತ್ತಿದ್ದರೆ ಒಳಗೆ ಕಸ ಕಟ್ಟಿದೆ, ಇಲ್ಲವೇ ಚಾವಣಿಗೆ ಆ ದಂಬೆ ಸಾಲದು. ಮಳೆ ನಿಂತು ಒಂದು ದಿನ ಆದರೂ ದಂಬೆಯಲ್ಲಿ ನೀರಿದ್ದರೆ ಇಳಿಜಾರು ಕೆಟ್ಟಿದೆ. ಹತ್ತಡಿ ಉದ್ದಕ್ಕೆ ಕಾಲಿಂಚಿನಿಂದ ಅರ್ಧ ಇಂಚು ಇಳಿಜಾರಿದ್ದರೆ ಸಾಕು, ನಡುವೆ ಒಂದು ಕೊಂಡಿ ಸಡಿಲವಾದರೂ ಆ ಲೆಕ್ಕ ತಪ್ಪುತ್ತದೆ. ಅಂಗಳದಲ್ಲಿ ಒಂದೇ ಕಡೆ ಹೊಸದಾಗಿ ಗುಳಿ ಬಿದ್ದಿದ್ದರೆ ಅದೂ ಒಂದು ಸುಳಿವೇ. ಪೈಪಿನ ಬುಡದಲ್ಲಿ ನೀರು ಗೋಡೆಗೇ ಸಿಡಿಯುತ್ತಿದ್ದರೆ ಅಲ್ಲಿ ಮೊಣಕೈ ಹಾಕಿಸಿ ದೂರ ತಿರುಗಿಸಬೇಕು.

ಇನ್ನೊಂದು ಸುಳಿವು ನಮ್ಮ ನಾಡಿಗೆ ವಿಶೇಷ. ತಾರಸಿಯ ಮೂಲೆಯಲ್ಲೋ ಪೈಪಿನ ಸಂದಿಯಲ್ಲೋ ಎರಡೆಲೆಯ ಅಶ್ವತ್ಥದ ಸಸಿ. ಹಕ್ಕಿ ಹಿಕ್ಕೆಯಲ್ಲಿ ಬಂದ ಬೀಜ. ದೇವರ ಮರ ಅಂತ ಬಿಡೋರೂ ಇದ್ದಾರೆ, ಚೆಂದ ಇದೆ ಅಂತ ಇನ್‌ಸ್ಟಾಗ್ರಾಂಗೆ ಹಾಕೋರೂ ಇದ್ದಾರೆ. ಎರಡೆಲೆ ಇದ್ದಾಗ ಬೇರು ಸಮೇತ ಕಿತ್ತು ಬಯಲಲ್ಲಿ ನೆಟ್ಟರೆ ಮರಕ್ಕೂ ಒಳ್ಳೇದು, ಮನೆಗೂ ಒಳ್ಳೇದು. ಎರಡು ವರ್ಷ ಬಿಟ್ಟರೆ ಬೇರು ಗೋಡೆಯೊಳಗೆ ಇಳಿದಿರುತ್ತದೆ. ಮೇಲೆ ಕತ್ತರಿಸಿದಷ್ಟೂ ಮತ್ತೆ ಚಿಗುರುತ್ತದೆ.

ತಡೆಯೋದು ಹೇಗೆ ಅಂದರೆ, ಇದರಲ್ಲಿ ರಾಕೆಟ್ ವಿಜ್ಞಾನ ಏನಿಲ್ಲ. ವರ್ಷಕ್ಕೆ ಎರಡು ಸಲ ಗುಡಿಸಬೇಕು. ಮಲೆನಾಡಿಗಾದರೆ ರೋಹಿಣಿಗೆ ಮುಂಚೆ ಒಮ್ಮೆ, ಮಳೆಗಾಲ ಮುಗಿದ ಮೇಲೆ ಒಮ್ಮೆ. ಬೆಂಗಳೂರಿಗೆ ಲೆಕ್ಕ ಬೇರೆ. ಇಲ್ಲಿ ಮರಗಳು ಎಲೆ ಉದುರಿಸಿದ ಮೇಲೆ, ಏಪ್ರಿಲಿನಲ್ಲಿ, ಬೇಸಿಗೆ ಮಳೆ ಹೊಡೆಯುವ ಮುಂಚೆ ಒಂದು ಸಲ. ಸೆಪ್ಟೆಂಬರಿನಲ್ಲಿ ಇಲ್ಲಿ ಅತಿ ಹೆಚ್ಚು ಮಳೆ, ಹಾಗಾಗಿ ಆಗಸ್ಟಿನಲ್ಲಿ ಇನ್ನೊಂದು ಸಲ. ಗುಡಿಸಿದ ಮೇಲೆ ಒಂದು ಬಕೆಟ್ ನೀರು ಸುರಿದು ಕೆಳಗೆ ಎಷ್ಟು ಬೇಗ ಬರುತ್ತೆ ನೋಡಿ. ಬಾಯಿಗೆ ಜಾಲರಿ ಹಾಕಿಸಿ, ಆದರೆ ಹಾಕಿಸಿದೆವು ಅಂತ ಮರೆಯಬೇಡಿ. ಜಾಲರಿ ಕಸವನ್ನು ತಡೆಯುತ್ತೆ, ತೆಗೆಯಲ್ಲ. ತಗಡಿನ ಕೀಲುಗಳಿಗೆ ಸೀಲೆಂಟ್, ತುಕ್ಕು ಕಂಡಲ್ಲಿ ಉಜ್ಜಿ ಬಣ್ಣ. ತಾಮ್ರದ ಸೂರಿನ ನೀರು ಸತುವಿನ ತಗಡಿನ ದಂಬೆಗೆ ಬೀಳದ ಹಾಗೆ ನೋಡಿಕೊಳ್ಳಿ. ತಾಮ್ರ ತಾಗಿದ ನೀರು ಸತುವನ್ನು ತಿನ್ನುತ್ತದೆ. ಹೊಸ ಶೈಲಿಯ ಮನೆಗಳಲ್ಲಿ ಆರ್ಕಿಟೆಕ್ಟ್‌ಗಳು ಚೆಂದಕ್ಕೆ ಅಂತ ಎರಡನ್ನೂ ಸೇರಿಸಿದರೆ ಒಮ್ಮೆ ಕೇಳಿನೋಡಿ.

ಏಣಿಯ ವಿಷಯವನ್ನು ಬೇರೆಯಾಗೇ ಹೇಳಬೇಕು. ಈ ಬರಹ ಓದುವ ಬಹಳ ಜನರ ಅಪ್ಪ ಅಮ್ಮ ಊರಲ್ಲಿ ಹಳೇ ಮನೆಯಲ್ಲಿದ್ದಾರೆ ಅಂತ ನನ್ನ ಊಹೆ. ಮೊದಲು ಮಾಡು ಹತ್ತೋಕೆ ಮನೆಯಲ್ಲೇ ನಾಲ್ಕು ಜನ ಗಂಡಸರಿದ್ದರು, ಕೆಲಸಕ್ಕೆ ಬರುವವರಿದ್ದರು. ಈಗ ಹತ್ತಬೇಕಾದವರು ನಾವು, ಬೆಂಗಳೂರಲ್ಲೋ ಹೈದರಾಬಾದಲ್ಲೋ ಸ್ಟ್ಯಾಂಡಪ್ ಮೀಟಿಂಗಿನಲ್ಲಿ ಕೂತಿರ್ತೀವಿ. ಅಲ್ಲಿ ಒಂದೋ ಯಾರೂ ಹತ್ತಲ್ಲ, ಮೂರ್ನಾಲ್ಕು ಮಳೆಗಾಲದಲ್ಲಿ ಮಾಡಿನ ಮೂಲೆ ಇಳಿಯುತ್ತೆ. ಇಲ್ಲವೇ 70ರ ವಯಸ್ಸಿನಲ್ಲಿ ಅಪ್ಪನೇ ಹತ್ತುತ್ತಾರೆ. ಎರಡನೆಯದು ಮೊದಲನೆಯದಕ್ಕಿಂತ ಅಪಾಯ. ‘ಎಂತ ಆಗಲ್ಲ, ನಾನು ಹತ್ತದ ಮಾಡಾ’ ಅಂತಾರೆ. ಒಪ್ಪಬೇಡಿ. ಮೇ ತಿಂಗಳಲ್ಲಿ ಒಂದು ಶನಿವಾರ, ಭಾನುವಾರ ಊರಿಗೆ ಹೋಗಿ, ಇಲ್ಲವೇ ಊರಿನ ಹೆಂಚಿನ ಕೆಲಸದವರಿಗೆ ಏಪ್ರಿಲಿನಲ್ಲೇ ಹೇಳಿ, ಕೂಲಿ ಕಳಿಸಿ. ಏಣಿಯ ಬುಡ ಒಬ್ಬರು ಹಿಡಿದಿರಲೇಬೇಕು. ಮನೆಯ ಇಎಂಐ ಕಟ್ಟುವ ದಿನಾಂಕ ಫೋನಿನಲ್ಲಿ ಇಟ್ಟುಕೊಂಡಿರ್ತೀವಲ್ಲ, ಇದನ್ನೂ ಹಾಕಿಕೊಳ್ಳಿ.

ಅಪಾರ್ಟ್‌ಮೆಂಟಿನವರಾದರೆ ಮುಂದಿನ ಅಸೋಸಿಯೇಷನ್ ಮೀಟಿಂಗಿನಲ್ಲಿ ಒಂದು ಸಾಲು ಬರೆಸಿ: ತಾರಸಿಯ ನೀರಿನ ಬಾಯಿಗಳನ್ನು ಯಾರು, ಯಾವ ತಿಂಗಳು, ಯಾರ ಎದುರಿಗೆ ತೆಗೆಯುತ್ತಾರೆ ಅಂತ. ರೋಮಿನವರು ಕಾನೂನು ಮಾಡಿದರು, ಹೆನ್ರಿ ಆಜ್ಞೆ ಮಾಡಿದ, ನಮ್ಮ ಹಿರಿಯರು ಮಳೆ ನಕ್ಷತ್ರಕ್ಕೆ ಕಟ್ಟಿಹಾಕಿದರು. ಮೂವರೂ ಈ ಕೆಲಸವನ್ನು ಒಬ್ಬರ ಹೆಸರಿಗೆ ಬರೆದರು. ನಾವು ಅದನ್ನು ‘ಮೇಂಟೆನೆನ್ಸ್’ ಅಂತ ಒಂದೇ ಪದದಲ್ಲಿ ಸೇರಿಸಿ, ತಿಂಗಳಿಗೆ ಇಷ್ಟು ಅಂತ ದುಡ್ಡು ಕಟ್ಟಿ, ಯಾರ ಹೆಸರಿಗೂ ಬರೆಯದೆ ಬಿಟ್ಟಿದ್ದೀವಿ.

ಸದ್ಯಕ್ಕೆ ಇಷ್ಟು ಮಾಡಿ. ಮುಂದಿನ ಸಲ ಜೋರು ಮಳೆ ಬಂದಾಗ, ಸಿಡಿಲಿಲ್ಲದಿದ್ದರೆ, ಕೊಡೆ ಹಿಡಿದು ಹತ್ತು ನಿಮಿಷ ಮನೆಯ ಸುತ್ತ ಒಂದು ರೌಂಡ್ ಹಾಕಿ. ಒಣಗಿದ ದಿನ ದಂಬೆ ಏನೂ ಹೇಳಲ್ಲ. ಮಳೆಯಲ್ಲೇ ಅದರ ತಪ್ಪು ಕಾಣೋದು. ನೀರು ಎಲ್ಲಿ ಬೀಳಬೇಕೋ ಅಲ್ಲಿ ಬೀಳ್ತಿದೆಯಾ ಅಂತ ನೋಡಿ, ಬೀಳದ ಕಡೆ ಫೋನಿನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಪ್ಲಂಬರಿಗೆ ತೋರಿಸೋಕೆ ಬೇಕಾಗುತ್ತೆ.